ನಿವೃತ್ತಿಗೆ ಇನ್ನು ಐದೇ ವರ್ಷ: ಫಂಡ್ ಮಾರಲೇ, ಪಿಎಫ್ ತೆಗೆಯಲೇ?

ಓದುಗರ ಪ್ರಶ್ನೆ: "ಸರ್, ನಮಸ್ಕಾರ. ನಾನು ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ವಯಸ್ಸು 53. ಈ ಕಂಪನಿಗೆ 2004ರಲ್ಲಿ ಸೇರಿದೆ, 2030ಕ್ಕೆ 58 ತುಂಬಿ ನಿವೃತ್ತಿ. ಬೇಸಿಕ್ ಮತ್ತು ಡಿಎ ಸೇರಿ 28 ಸಾವಿರ. ಪಿಎಫ್‌ನಲ್ಲಿ 17 ಲಕ್ಷ ಇದೆ. ಇದಕ್ಕೂ ಮೊದಲು ಐದು ವರ್ಷ ಪೀಣ್ಯದ ಒಂದು ಕಂಪನಿಯಲ್ಲಿದ್ದೆ, ಅಲ್ಲಿನ ಪಿಎಫ್ ತೆಗೆದೇ ಇಲ್ಲ. 2017ರಿಂದ ಮ್ಯೂಚುವಲ್ ಫಂಡಿಗೆ ತಿಂಗಳಿಗೆ 8 ಸಾವಿರ ಎಸ್‌ಐಪಿ (ತಿಂಗಳ ಕಂತು) ಕಟ್ಟುತ್ತಿದ್ದೇನೆ. ನಾಲ್ಕು ಫಂಡ್: ಒಂದು ಲಾರ್ಜ್ ಕ್ಯಾಪ್, ಒಂದು ಮಿಡ್ ಕ್ಯಾಪ್, ಎರಡು ಸ್ಮಾಲ್ ಕ್ಯಾಪ್. ಕಟ್ಟಿದ್ದು 8 ಲಕ್ಷ, ಈಗ 14 ಲಕ್ಷ ತೋರಿಸುತ್ತಿದೆ. 2025ರ ಫೆಬ್ರವರಿ, ಮಾರ್ಚ್‌ನಲ್ಲಿ ಎರಡೂವರೆ ಲಕ್ಷ ಕರಗಿತ್ತು, ಆಗಿನಿಂದ ನಿದ್ದೆ ಸರಿಯಿಲ್ಲ. ಬ್ಯಾಂಕಿನವರು ಇದನ್ನೆಲ್ಲ ಮಾರಿ ಹತ್ತು ರೂಪಾಯಿಗೆ ಸಿಗುವ ಹೊಸ ಫಂಡಿಗೆ ಹಾಕಿ, ತಿಂಗಳು ತಿಂಗಳು ಡಿವಿಡೆಂಡ್ ಬರುತ್ತೆ ಅಂತಾರೆ. ಮನೆಯವರು ಎಲ್ಲ ಎಫ್‌ಡಿ ಮಾಡಿ ಅಂತಾರೆ. ಭಾವಮೈದ ಪಿಎಫ್ ತೆಗೆದು ಕ್ಯಾತ್ಸಂದ್ರದ ಕಡೆ ಸೈಟ್ ಹಿಡಿ ಅಂತಾನೆ. ಮೂರು ವರ್ಷದೊಳಗೆ ಮಗಳ ಮದುವೆ, ನನ್ನ ಪಾಲಿನ ಖರ್ಚು 6 ಲಕ್ಷ. ಸ್ವಂತ ಮನೆ ಇದೆ, ಸಾಲ ಇಲ್ಲ. ನಿವೃತ್ತಿ ಆದ ಮೇಲೆ ತಿಂಗಳಿಗೆ 25 ಸಾವಿರ ಬಂದರೆ ಸಾಕು. ಪತ್ನಿ ನನಗಿಂತ ಆರು ವರ್ಷ ಚಿಕ್ಕವಳು. ಎಸ್‌ಐಪಿ ನಿಲ್ಲಿಸಲೇ? ಎಲ್ಲ ತೆಗೆದುಬಿಡಲೇ?"

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ಎರಡೇ ಇದ್ದರೂ ಭಯ ಒಂದೇ. ಇಪ್ಪತ್ತು ವರ್ಷ ದುಡಿದು ಕೂಡಿಟ್ಟ ಹಣ ಕೊನೆಯ ಹೊತ್ತಿನಲ್ಲಿ ಕೈ ತಪ್ಪಬಾರದು ಅನ್ನೋದು. ಈ ಭಯ ಸರಿಯಾದದ್ದೇ. ಐದು ವರ್ಷದಲ್ಲಿ ನಿವೃತ್ತಿ ಆಗುವವರು ಮೂವತ್ತರ ಹುಡುಗರಂತೆ "ಬಿದ್ದರೆ ಬೀಳಲಿ, ಮತ್ತೆ ಏರುತ್ತೆ" ಅಂತ ಕೂರಲು ಆಗಲ್ಲ. ಆದರೆ ಈ ಭಯಕ್ಕೆ ಮದ್ದು ಅಂತ ನಿಮ್ಮ ಮುಂದೆ ಇಟ್ಟಿರುವ ಮೂರು ದಾರಿಗಳಲ್ಲಿ ಎರಡು ನಿಮ್ಮನ್ನು ಇನ್ನೂ ಕಷ್ಟಕ್ಕೆ ತಳ್ಳುತ್ತವೆ. ಮೂರನೆಯದು, ನಿಮ್ಮ ಮನೆಯವರು ಹೇಳಿದ್ದು, ಅರ್ಧ ಸರಿ.

ಮೊದಲು ಹತ್ತು ರೂಪಾಯಿ ಫಂಡಿನ ವಿಷಯ ಮುಗಿಸೋಣ, ಯಾಕೆಂದರೆ ಇದರಲ್ಲಿ ಯೋಚನೆ ಮಾಡುವಂಥದ್ದು ಹೆಚ್ಚಿಲ್ಲ. ಹೊಸ ಫಂಡ್ ಶುರುವಾಗುವಾಗ ಒಂದು ಯೂನಿಟ್ಟಿಗೆ ಹತ್ತು ರೂಪಾಯಿ ಇಡುತ್ತಾರೆ. ಹಳೇ ಫಂಡಿನ ಯೂನಿಟ್ 200 ರೂಪಾಯಿ ಇರಬಹುದು. ಹಾಗಂತ ಹೊಸದು ಅಗ್ಗ, ಹಳೆಯದು ದುಬಾರಿ ಅಂತಲ್ಲ. ತಿಪಟೂರಿನಲ್ಲಿ ಕೊಬ್ಬರಿ ರೇಟು ಕ್ವಿಂಟಲ್‌ಗೆ ಹೇಳುತ್ತಾರೆ, ಅಂಗಡಿಯಲ್ಲಿ ಕಿಲೋಗೆ ಹೇಳುತ್ತಾರೆ. ಕ್ವಿಂಟಲ್ ರೇಟು ಕೇಳಲು ದೊಡ್ಡದು, ಅಷ್ಟಕ್ಕೇ ಕೊಬ್ಬರಿ ದುಬಾರಿ ಆಯ್ತಾ? ಒಂದು ಲಕ್ಷಕ್ಕೆ ಒಂದು ಕಡೆ 10,000 ಯೂನಿಟ್ ಸಿಗುತ್ತೆ, ಇನ್ನೊಂದು ಕಡೆ 500. ಎರಡೂ ಶೇ 10 ಏರಿದರೆ ಎರಡೂ ಕಡೆ 1,10,000. ಮುಖ್ಯವಾದದ್ದು ಫಂಡಿನೊಳಗೆ ಯಾವ ಕಂಪನಿಗಳ ಷೇರು ಇವೆ ಅನ್ನೋದು. ಹೊಸ ಫಂಡಿಗೆ ಹಿಂದಿನ ದಾಖಲೆಯೇ ಇಲ್ಲ, ನೋಡಿ ಅಳೆಯಲು ಏನೂ ಸಿಗಲ್ಲ.

ಇನ್ನು ಡಿವಿಡೆಂಡ್. ಮ್ಯೂಚುವಲ್ ಫಂಡ್ ಕೊಡುವ ಡಿವಿಡೆಂಡ್ ಹೊರಗಿನಿಂದ ಬರುವ ಹಣವಲ್ಲ. ನಿಮ್ಮ ಯೂನಿಟ್ಟಿನಿಂದಲೇ ತೆಗೆದು ನಿಮಗೇ ಕೊಡುತ್ತಾರೆ, ಅಷ್ಟರ ಮಟ್ಟಿಗೆ ಯೂನಿಟ್ ಬೆಲೆ ಇಳಿಯುತ್ತೆ. ಜನ ತಪ್ಪು ತಿಳಿಯಬಾರದು ಅಂತಲೇ 2021ರ ಏಪ್ರಿಲ್‌ನಿಂದ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಅದರ ಹೆಸರನ್ನು ಐಡಿಸಿಡಬ್ಲ್ಯು ಅಂತ ಬದಲಿಸಿತು. ಅಂದರೆ, ಆದಾಯದ ಜೊತೆಗೆ ಅಸಲನ್ನೂ ಹಂಚುವುದು ಅಂತ ಹೆಸರಿನಲ್ಲೇ ಇದೆ. ಕೊಡಲೇಬೇಕು ಅನ್ನುವ ಕಟ್ಟುಪಾಡೂ ಇಲ್ಲ. ಅದನ್ನು ಪೆನ್ಷನ್ ಅಂದುಕೊಂಡು ಮನೆ ನಡೆಸಲು ಹೊರಟವರು ನನ್ನ ಬಳಿ ಬಂದು ಅತ್ತಿದ್ದಾರೆ.

ಮಾರಿ ಹೊಸದಕ್ಕೆ ಹೋಗುವುದು ಪುಕ್ಕಟೆಯೂ ಅಲ್ಲ. 2024ರ ಜುಲೈ 23ರಿಂದ ಷೇರು ಫಂಡುಗಳ ಮೇಲೆ ಒಂದು ವರ್ಷಕ್ಕಿಂತ ಹಳೆಯ ಲಾಭಕ್ಕೆ ಶೇ 12.5 ತೆರಿಗೆ, ವರ್ಷಕ್ಕೆ ಮೊದಲ 1.25 ಲಕ್ಷ ಲಾಭಕ್ಕೆ ವಿನಾಯಿತಿ. ನಿಮ್ಮ ಲಾಭ 6 ಲಕ್ಷ. ಒಂದೇ ಸಲ ಮಾರಿದರೆ ಹೆಚ್ಚುಕಡಿಮೆ 60 ಸಾವಿರ ತೆರಿಗೆಗೇ ಹೋಗುತ್ತೆ. ಕಳೆದ ಹನ್ನೆರಡು ತಿಂಗಳಲ್ಲಿ ಕಟ್ಟಿದ್ದರ ಲಾಭಕ್ಕೆ ಶೇ 20. ಅದರ ಮೇಲೆ ಬೇಗ ಮಾರಿದ್ದಕ್ಕೆ ಫಂಡಿನವರು ಹಿಡಿಯುವ ಎಕ್ಸಿಟ್ ಲೋಡ್ ಬೀಳಬಹುದು. ಎಫ್‌ಡಿಗೆ ಹಾಕಲು ಒಂದೇ ಸಲ ಮಾರಿದರೂ ಇದೇ ಲೆಕ್ಕ. ನಿಮಗೆ ಹೀಗೆ ಹೇಳಿದವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಆದರೆ ಹೊಸ ಫಂಡ್ ಮಾರಿದರೆ ಅವರಿಗೆ ಕಮಿಷನ್ ಇದೆ. ಈ 60 ಸಾವಿರದ ಮಾತು ಅವರಾಗಿಯೇ ಎತ್ತಿದರಾ ಅಂತ ನೆನಪು ಮಾಡಿಕೊಳ್ಳಿ.

ಈಗ ನಿಮ್ಮ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಎಸ್‌ಐಪಿ ಮಾಡಿದರೆ ನಷ್ಟ ಆಗಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಎಸ್‌ಐಪಿ ಅನ್ನೋದು ಹಣ ಕಟ್ಟುವ ವಿಧಾನ ಅಷ್ಟೇ, ರಕ್ಷಣೆ ಅಲ್ಲ. ಶುರುವಿನ ವರ್ಷಗಳಲ್ಲಿ ಅದು ನಿಜಕ್ಕೂ ಸಹಾಯ ಮಾಡುತ್ತೆ: ಮಾರ್ಕೆಟ್ ಬಿದ್ದಾಗ ಅದೇ 8 ಸಾವಿರಕ್ಕೆ ಜಾಸ್ತಿ ಯೂನಿಟ್ ಬರುತ್ತವೆ, ಸರಾಸರಿ ಬೆಲೆ ಇಳಿಯುತ್ತೆ. ನಿಮ್ಮ ಹತ್ತಿರ ಒಂದು ಲಕ್ಷ ಇದ್ದಾಗ ವರ್ಷಕ್ಕೆ ಕಟ್ಟುವ 96 ಸಾವಿರ ದೊಡ್ಡ ಮೊತ್ತ. ಈಗ 14 ಲಕ್ಷ ಇದೆ. ಅದು ಶೇ 20 ಬಿದ್ದರೆ 2.8 ಲಕ್ಷ ಹೋಗುತ್ತೆ. ಅದೇ 96 ಸಾವಿರ ಈ ಹಳ್ಳ ತುಂಬಲು ಸಾಲಲ್ಲ. ವಯಸ್ಸಾದಂತೆ ಎಸ್‌ಐಪಿಯ ಬಲ ಕಡಿಮೆ ಆಗಿ ಕೂಡಿಟ್ಟ ಹಣದ ಏರಿಳಿತವೇ ದೊಡ್ಡದಾಗುತ್ತೆ. ಇದನ್ನು ಫಂಡ್ ಮಾರುವವರು ಹೇಳಿಕೊಡುವುದಿಲ್ಲ. ಹಾಗಾಗಿ 2025ರಲ್ಲಿ ಎರಡೂವರೆ ಲಕ್ಷ ಕರಗಿದ್ದು ನೋಡಿ ನೀವು ದಂಗಾದಿರಿ. 2024ರ ಸೆಪ್ಟೆಂಬರ್‌ನಲ್ಲಿ 26,200 ದಾಟಿದ್ದ ಷೇರು ಸೂಚ್ಯಂಕ ನಿಫ್ಟಿ 2025ರ ಮಾರ್ಚ್ ಶುರುವಿಗೆ 22,000ದ ಹತ್ತಿರ ಬಂದಿತ್ತು. ಸ್ಮಾಲ್ ಕ್ಯಾಪ್‌ಗಳು ಅದಕ್ಕಿಂತ ಜಾಸ್ತಿ ಬಿದ್ದವು.

ನಿಮ್ಮ ನಾಲ್ಕರಲ್ಲಿ ಎರಡು ಸ್ಮಾಲ್ ಕ್ಯಾಪ್. ಸೆಬಿ ಲೆಕ್ಕದಲ್ಲಿ ಮಾರುಕಟ್ಟೆ ಮೌಲ್ಯದ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, 101ರಿಂದ 250 ಮಿಡ್, ಅದರ ಕೆಳಗಿರುವುದೆಲ್ಲ ಸ್ಮಾಲ್. ಸಣ್ಣ ಕಂಪನಿಗಳ ಷೇರು ಭಯದ ದಿನಗಳಲ್ಲಿ ಕೊಳ್ಳುವವರಿಲ್ಲದೆ ಬೀಳುತ್ತವೆ. 53ನೇ ವಯಸ್ಸಿನಲ್ಲಿ ಹಣದ ಅರ್ಧ ಅಲ್ಲಿರುವುದು ಜಾಸ್ತಿಯಾಯಿತು. ನಿಮ್ಮ ಭಯದ ಬೇರು ಮ್ಯೂಚುವಲ್ ಫಂಡ್ ಅನ್ನೋದರಲ್ಲಿ ಇಲ್ಲ, ಈ ಹಂಚಿಕೆಯಲ್ಲಿ ಇದೆ.

ಬಿದ್ದ ಮಾರ್ಕೆಟ್ ಏಳಲು ಎಷ್ಟು ದಿನ ಬೇಕು? ಎರಡು ಅನುಭವ ನೋಡಿ. 2020ರ ಜನವರಿಯಲ್ಲಿ 42 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 25,981ಕ್ಕೆ ಇಳಿಯಿತು. ಅದೇ ನವೆಂಬರ್‌ನಲ್ಲಿ ಹಳೇ ಮಟ್ಟ ದಾಟಿತು. ಆ ಮಾರ್ಚ್ ತಿಂಗಳಲ್ಲಿ ನಿಮ್ಮ ವಯಸ್ಸಿನವರೊಬ್ಬರು ನನ್ನ ಮಾತು ಕೇಳದೆ ಪೂರ್ತಿ ತೆಗೆದರು. ಆಮೇಲೆ ಮತ್ತೆ ಒಳಗೆ ಬರಲು ಅವರಿಗೆ ಧೈರ್ಯವೇ ಬರಲಿಲ್ಲ. ಇನ್ನೊಂದು 2008. ಜನವರಿಯಲ್ಲಿ 21 ಸಾವಿರದ ಹತ್ತಿರ ಇದ್ದದ್ದು 2009ರ ಮಾರ್ಚ್‌ಗೆ 8 ಸಾವಿರ ಚಿಲ್ಲರೆಗೆ ಬಂತು. ಹಳೇ ಜಾಗಕ್ಕೆ ಬರಲು 2010ರ ಕೊನೆಯವರೆಗೆ ಕಾಯಬೇಕಾಯಿತು. ಬೀಳುವ ಮೊದಲಿನ ಎತ್ತರದಿಂದ ಎಣಿಸಿದರೆ ಒಂದು ಸಲ ಹತ್ತು ತಿಂಗಳಿಗೆ ಸಮೀಪ, ಇನ್ನೊಂದು ಸಲ ಮೂರು ವರ್ಷಕ್ಕೆ ಸಮೀಪ. ಮುಂದಿನದು ಯಾವ ಥರ ಅಂತ ಯಾರಿಗೂ ಗೊತ್ತಾಗಲ್ಲ.

ಆದ್ದರಿಂದ "ಎಲ್ಲ ತೆಗೆಯಲೇ, ಎಲ್ಲ ಬಿಡಲೇ" ಅಂತ ಕೇಳಬೇಡಿ. ಯಾವ ಹಣ ಯಾವಾಗ ಬೇಕು ಅಂತ ಕೇಳಿ. ಮೂರು ವರ್ಷದೊಳಗೆ ಬೇಕಾದ ಮದುವೆ ಹಣ ಷೇರಿನಲ್ಲಿ ಇರಲೇಬಾರದು. ಎಪ್ಪತ್ತು ದಾಟಿದ ಮೇಲೆ ಬೇಕಾಗುವ ಹಣ ಪೂರ್ತಿ ಎಫ್‌ಡಿಯಲ್ಲಿ ಇರಬಾರದು.

ಮದುವೆಯ 6 ಲಕ್ಷವನ್ನು ಆ ಎರಡು ಸ್ಮಾಲ್ ಕ್ಯಾಪ್ ಫಂಡುಗಳಿಂದ ತೆಗೆಯಿರಿ. 3 ಲಕ್ಷ ಈ ಮಾರ್ಚ್ 31ರೊಳಗೆ, ಉಳಿದ 3 ಲಕ್ಷ ಏಪ್ರಿಲ್‌ನಲ್ಲಿ. ಆಗ 1.25 ಲಕ್ಷದ ವಿನಾಯಿತಿ ಎರಡು ಸಲ ಸಿಗುತ್ತೆ. ಮಾರುವಾಗ ಮೊದಲು ಕೊಂಡ ಯೂನಿಟ್ಟುಗಳೇ ಮೊದಲು ಹೋಗುತ್ತವೆ, ಅವುಗಳಲ್ಲಿ ಲಾಭ ಜಾಸ್ತಿ ಇರುವುದರಿಂದ ಸ್ವಲ್ಪ ತೆರಿಗೆ ಬರಬಹುದು, ಸಲಕ್ಕೆ ನಾಲ್ಕೈದು ಸಾವಿರ. ಅದನ್ನು ಉಳಿಸಲು ಇನ್ನೂ ಒಂದು ವರ್ಷ ಎಳೆಯಬೇಡಿ. ಮಾರ್ಕೆಟ್ ಒಂದೇ ವಾರದಲ್ಲಿ ಅದರ ಹತ್ತು ಪಟ್ಟು ತೆಗೆದುಕೊಂಡು ಹೋಗಬಲ್ಲದು. ಆ ಹಣವನ್ನು ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ, ಬೇಕಾದರೆ ಎರಡು ಮೂರು ತುಂಡು ಮಾಡಿ. ಛತ್ರಕ್ಕೆ ಮುಂಗಡ ಕೊಡುವಾಗ ಪೂರ್ತಿ ಮುರಿಸಬೇಕಾಗಲ್ಲ. ಜಾಸ್ತಿ ಬಡ್ಡಿಯ ಆಸೆಗೆ ಚೀಟಿಗೆ ಹಾಕಬೇಡಿ. ಅದರಲ್ಲೂ ನೋಂದಣಿ ಇಲ್ಲದ ಚೀಟಿಗೆ ಮದುವೆ ದುಡ್ಡು ಕೊಟ್ಟು ಕೈ ಸುಟ್ಟುಕೊಂಡ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಮದುವೆಗೆ ಪಿಎಫ್‌ನಿಂದ ಮುಂಗಡ ತೆಗೆದರೆ ಆಗಲ್ವಾ ಅಂತ ಅನಿಸಬಹುದು. ನಿಯಮದಲ್ಲಿ ಅವಕಾಶ ಇದೆ. ಆದರೆ ಪಿಎಫ್ 2024-25ಕ್ಕೆ ಶೇ 8.25 ಬಡ್ಡಿ ಕೊಟ್ಟಿದೆ, ನಿಮ್ಮ ಮಟ್ಟದಲ್ಲಿ ಅದಕ್ಕೆ ತೆರಿಗೆಯೂ ಇಲ್ಲ. ಇಷ್ಟು ಭದ್ರವಾದ ಜಾಗದಿಂದ ತೆಗೆದು, ಅಲುಗಾಡುವ ಸ್ಮಾಲ್ ಕ್ಯಾಪ್ ಅನ್ನು ಉಳಿಸಿಕೊಳ್ಳುವುದು ತಲೆಕೆಳಗಾದ ಲೆಕ್ಕ.

ಭಾವಮೈದನ ಸೈಟಿನ ಮಾತಿಗೂ ಇದೇ ಉತ್ತರ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಹಣ ತೆಗೆಯುವ ನಿಯಮಗಳನ್ನು ಸರಳ ಮಾಡಲು ತೀರ್ಮಾನಿಸಿತು, ಶೇ 25ರಷ್ಟು ಖಾತೆಯಲ್ಲೇ ಉಳಿಯಬೇಕು ಅಂತಲೂ ಹೇಳಿತು. ಅಂದಿನಿಂದ "ಈಗ ತೆಗೆಯೋದು ಸುಲಭ, ತೆಗೆದುಬಿಡಿ" ಅನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. 12 ಲಕ್ಷ ತೆಗೆದು ಸೈಟ್ ತೆಗೆದುಕೊಂಡಿರಿ ಅಂತ ಇಟ್ಟುಕೊಳ್ಳಿ. ಇದೇ ಬಡ್ಡಿ ಮುಂದುವರಿದರೆ ಆ 12 ಲಕ್ಷ ಐದು ವರ್ಷದಲ್ಲಿ 17.8 ಲಕ್ಷ ಆಗುತ್ತಿತ್ತು. ನೋಂದಣಿ ಖರ್ಚು ಬೇರೆ. ಅಂದರೆ ಸೈಟು 19 ಲಕ್ಷಕ್ಕೆ ಮಾರಾಟವಾದರೆ ನೀವು ಎಲ್ಲಿದ್ದಿರೋ ಅಲ್ಲೇ ಇರುತ್ತೀರಿ. ಬೆಂಗಳೂರಿನಿಂದ ಮೆಟ್ರೋ ಬರುತ್ತೆ ಅನ್ನುವ ಮಾತಿನ ಮೇಲೆ ರೇಟು ಈಗಾಗಲೇ ಏರಿಸಿ ಹೇಳುವವರಿದ್ದಾರೆ. ಆ ಕಡೆ ಕಂದಾಯ ಸೈಟುಗಳೂ ಇವೆ. ಭೂಪರಿವರ್ತನೆ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿಗೆ, ಇ-ಖಾತೆ ಇಲ್ಲದ ಸೈಟನ್ನು ಬೇಕಾದಾಗ ಮಾರಲು ಆಗಲ್ಲ. ಎಲ್ಲ ಕಾಗದ ಸರಿ ಇದ್ದರೂ ಸೈಟು ತಿಂಗಳ ದಿನಸಿಗೆ ದುಡ್ಡು ಕೊಡಲ್ಲ. ಆಸ್ಪತ್ರೆ ಬಿಲ್ಲಿಗೆ ಅಂತ ನಾಲ್ಕು ಅಡಿ ಮಾರಲೂ ಬರಲ್ಲ. ನಿಮಗೆ ವಾಸಕ್ಕೆ ಮನೆ ಇದೆ. ಬೇಡ.

ಈಗ ಪೆನ್ಷನ್. ಇದೇ ಜಾಗದಲ್ಲಿ ಹೆಚ್ಚಿನವರು ತಪ್ಪು ಲೆಕ್ಕ ಹಾಕುತ್ತಾರೆ. ಕಂಪನಿ ನಿಮಗಾಗಿ ಕಟ್ಟುವ ಶೇ 12ರಲ್ಲಿ ಒಂದು ಭಾಗ ಇಪಿಎಸ್ ಪೆನ್ಷನ್‌ಗೆ ಹೋಗುತ್ತೆ. ಆದರೆ ಅದನ್ನು ನಿಮ್ಮ 28 ಸಾವಿರದ ಮೇಲೆ ಲೆಕ್ಕ ಹಾಕಲ್ಲ, 15 ಸಾವಿರದ ಮಿತಿಯ ಮೇಲೆ ಹಾಕುತ್ತಾರೆ. ಹಾಗಾಗಿ ತಿಂಗಳಿಗೆ 1,250 ರೂಪಾಯಿ ಮಾತ್ರ. ಪೆನ್ಷನ್ ಸೂತ್ರ ಇಷ್ಟೇ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15 ಸಾವಿರ, 26 ವರ್ಷ ಅಂತ ಹಾಕಿ 5,571 ಬರುತ್ತೆ ಅಂದುಕೊಂಡಿರುತ್ತಾರೆ. 2014ರ ಸೆಪ್ಟೆಂಬರ್‌ಗೆ ಮೊದಲು ಮಿತಿ 6,500 ಇತ್ತು, ಆಗಿನ ಸೇವೆಗೆ ಆಗಿನ ಮಿತಿಯನ್ನೇ ಹಿಡಿಯುತ್ತಾರೆ. ನಿಮ್ಮ ಮೊದಲ ಹತ್ತು ವರ್ಷಕ್ಕೆ ಸುಮಾರು 930 ರೂಪಾಯಿ, ಆಮೇಲಿನ ಹದಿನಾರು ವರ್ಷಕ್ಕೆ ಸುಮಾರು 3,430. ಇಪ್ಪತ್ತು ವರ್ಷ ದಾಟಿದ್ದಕ್ಕೆ ಎರಡು ವರ್ಷದ ಬೋನಸ್ ಸೇವೆಯೂ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು. ಬೆಲೆ ಏರಿದಂತೆ ಇದು ಏರುವುದೂ ಇಲ್ಲ. ಈ ಅಂಕಿ ನೋಡಿ ಬೇಸರ ಆಗುತ್ತೆ, ನನಗೂ ಪ್ರತಿ ಸಲ ಹೇಳುವಾಗ ಆಗುತ್ತೆ. ಆದರೆ ಈಗಲೇ ಗೊತ್ತಿರುವುದು ಒಳ್ಳೆಯದು.

ಹೀಗಿರುವಾಗ ಪೀಣ್ಯದ ಹಳೇ ಪಿಎಫ್ ಬಿಡಬೇಡಿ. ಅದು ಯುಎಎನ್ (ಎಲ್ಲ ಕಂಪನಿಗೂ ಒಂದೇ ಪಿಎಫ್ ಸಂಖ್ಯೆ) ಬರುವ ಮೊದಲಿನ ಖಾತೆ, ತಾನಾಗಿ ನಿಮ್ಮ ಪಾಸ್‌ಬುಕ್ಕಿಗೆ ಬಂದು ಕೂರಲ್ಲ. ಹಳೇ ಸಂಬಳದ ಚೀಟಿಯಲ್ಲಿ ಪಿಎಫ್ ನಂಬರ್ ಇರುತ್ತೆ, ಅದನ್ನು ಹುಡುಕಿ. ಹೆಸರಿನ ಇನಿಷಿಯಲ್, ತಂದೆಯ ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಹೊಂದದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ನಮ್ಮ ಕಡೆ ಎಷ್ಟೋ ಅರ್ಜಿ ನಿಲ್ಲುವುದು ಈ ಇನಿಷಿಯಲ್ ತೊಂದರೆಯಿಂದಲೇ. ಹಣವನ್ನು ಕೈಗೆ ತೆಗೆದುಕೊಳ್ಳಬೇಡಿ, ಈಗಿನ ಖಾತೆಗೆ ವರ್ಗ ಮಾಡಿಸಿ. ವರ್ಗ ಮಾಡಿಸಿದರೆ ಆ ಐದು ವರ್ಷವೂ ಪೆನ್ಷನ್ ಸೇವೆಗೆ ಸೇರುತ್ತೆ, ತಿಂಗಳಿಗೆ ಸುಮಾರು 460 ರೂಪಾಯಿ. ಸಣ್ಣದು ಅನಿಸಬಹುದು. ಆದರೆ ಜೀವ ಇರುವವರೆಗೆ ಬರುತ್ತೆ, ನಿಮ್ಮ ನಂತರ ನಿಮ್ಮ ಪೆನ್ಷನ್ನಿನ ಅರ್ಧ ಪತ್ನಿಗೆ ಬರುತ್ತೆ.

ನೀವು ಬರೆಯದೇ ಬಿಟ್ಟ ಒಂದು ಹಣ ಇದೆ, ಗ್ರಾಚ್ಯುಟಿ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುತ್ತಾರೆ. 2030ರಲ್ಲಿ ನಿಮ್ಮ ಬೇಸಿಕ್ 35 ಸಾವಿರ ಅಂತ ಹಿಡಿದರೆ 26 ವರ್ಷಕ್ಕೆ 5.25 ಲಕ್ಷ. ಮರೆಯಬೇಡಿ, ಇದು ನಿಮ್ಮ ಹಕ್ಕು.

ಈಗ ಎಲ್ಲ ಕೂಡಿಸೋಣ. ಪಿಎಫ್ ಮುಟ್ಟದೆ ಬಿಟ್ಟರೆ, ಈಗಿನ ಬಡ್ಡಿ ಉಳಿದರೆ, ನಿಮ್ಮ ಮತ್ತು ಕಂಪನಿಯ ವಂತಿಗೆ ಸೇರಿ 2030ಕ್ಕೆ ಸುಮಾರು 29 ಲಕ್ಷ. ಗ್ರಾಚ್ಯುಟಿ 5 ಲಕ್ಷ. ಮದುವೆಗೆ ತೆಗೆದ ಮೇಲೆ ಫಂಡಿನಲ್ಲಿ ಉಳಿಯುವ 8 ಲಕ್ಷ ಮತ್ತು ಮುಂದಿನ ಎಸ್‌ಐಪಿ ಸೇರಿ, ವರ್ಷಕ್ಕೆ ಶೇ 7ರಿಂದ 9 ಬಂದರೆ 17-18 ಲಕ್ಷ. ಈ ಕೊನೆಯದು ಖಾತ್ರಿ ಅಲ್ಲ.

ಪಿಎಫ್ ಮತ್ತು ಗ್ರಾಚ್ಯುಟಿಯಿಂದ 30 ಲಕ್ಷವನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಬಹುದು. 60 ಆಗಿರಬೇಕು ಅಂತ ಜನ ತಿಳಿದಿದ್ದಾರೆ. 55 ದಾಟಿ ನಿವೃತ್ತಿ ಆದವರೂ ನಿವೃತ್ತಿಯ ಹಣ ಬಂದ ಮೂರು ತಿಂಗಳೊಳಗೆ ತೆರೆಯಬಹುದು. ಈಗಿನ ಬಡ್ಡಿ ಶೇ 8.2, ಮಿತಿ 30 ಲಕ್ಷ, ಅವಧಿ ಐದು ವರ್ಷ. ತೆರೆದ ದಿನದ ಬಡ್ಡಿ ಆ ಐದು ವರ್ಷವೂ ಬದಲಾಗಲ್ಲ. ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಇಪಿಎಸ್ ಸೇರಿ 25 ಸಾವಿರ. ನೀವು ಕೇಳಿದ್ದು ಅಷ್ಟೇ, ಅಲ್ವಾ?

ಇಲ್ಲೇ ಒಂದು ನಿಮಿಷ ನಿಲ್ಲಿ. ನೀವು ಹೇಳಿದ 25 ಸಾವಿರ ಇವತ್ತಿನ ಬೆಲೆಗೆ. ವರ್ಷಕ್ಕೆ ಶೇ 6 ಬೆಲೆ ಏರಿದರೆ 2030ರಲ್ಲಿ ಅದೇ ಮನೆ ಖರ್ಚು 33,500. ನಿಮಗೆ 70 ಆಗುವ ಹೊತ್ತಿಗೆ 67 ಸಾವಿರ. ಬರುವುದು ಮಾತ್ರ ಅದೇ 25 ಸಾವಿರ. ಮೊದಲ ವರ್ಷ ತಿಂಗಳಿಗೆ ಎಂಟೂವರೆ ಸಾವಿರ ಕಡಿಮೆ ಬೀಳುತ್ತೆ, ಆಮೇಲೆ ಪ್ರತಿ ವರ್ಷ ಈ ಅಂತರ ಹಿಗ್ಗುತ್ತೆ. ಆ ಅಂತರ ತುಂಬುವುದು ಫಂಡಿನ ಕೆಲಸ. ಅದಕ್ಕೇ ಪೂರ್ತಿ ತೆಗೆಯಬೇಡಿ ಅಂದೆ.

ಆದರೆ ನಿಮಗೆ ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಈ ಎಲ್ಲ ಅಂಕಿಗಳನ್ನು ಇಟ್ಟುಕೊಂಡು ವರ್ಷ ವರ್ಷ ಲೆಕ್ಕ ಹಾಕಿದೆ. ಎಲ್ಲವನ್ನೂ ಎಫ್‌ಡಿ ಮಾಡಿದರೆ ಹಣ ನಿಮ್ಮ 74ರ ಹೊತ್ತಿಗೆ ಮುಗಿಯುತ್ತೆ. ನಾನು ಹೇಳಿದಂತೆ ಒಂದು ಪಾಲು ಭದ್ರ, ಇನ್ನೊಂದು ಪಾಲು ಫಂಡ್ ಅಂತ ಮಾಡಿ ಫಂಡಿನಲ್ಲಿ ಶೇ 9 ಬಂದರೆ 76. ಎರಡೇ ವರ್ಷದ ವ್ಯತ್ಯಾಸ. ನಿಮ್ಮ ಪತ್ನಿಗೆ ಆಗ 70 ಆಗಿರುತ್ತೆ ಅಷ್ಟೇ. ಯಾವ ಫಂಡ್ ಅನ್ನುವ ಚರ್ಚೆಯಲ್ಲಿ ನಾವು ಕಳೆಯುವ ಸಮಯಕ್ಕೆ ಹೋಲಿಸಿದರೆ ಅದರ ಫಲ ಚಿಕ್ಕದು.

ಅದೇ ನೀವು 58ರ ಬದಲು 60ರವರೆಗೆ ದುಡಿದು, ಆ ಎರಡು ವರ್ಷ ಈ ಹಣ ಮುಟ್ಟದೆ ಪಿಎಫ್, ಎಸ್‌ಐಪಿ ಮುಂದುವರಿಸಿದರೆ ಇದೇ ಲೆಕ್ಕ 80 ದಾಟುತ್ತೆ. ಎರಡು ವರ್ಷ ದುಡಿದರೆ ಐದು ವರ್ಷ ಸಿಗುತ್ತೆ. ಕಂಪನಿಯಲ್ಲಿ ಮುಂದುವರಿಕೆ ಕೊಡುತ್ತಾರಾ ಅಂತ ಈಗಿನಿಂದಲೇ ಕೇಳಿ. ಕೊಡದಿದ್ದರೆ ಬೇರೆ ಕಡೆ ನೋಡಿ. ನಿಮ್ಮಂಥ ಅನುಭವಿಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಅಥವಾ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 15-20 ಸಾವಿರದ ಕೆಲಸ ಸಿಕ್ಕರೂ ಆ ವರ್ಷಗಳಲ್ಲಿ ಹಣ ತೆಗೆಯುವುದು ಅರ್ಧ ಉಳಿಯುತ್ತೆ. ಪೂರ್ತಿ ಸಂಬಳವೇ ಬೇಕು ಅಂತಿಲ್ಲ. ಮೈಯಲ್ಲಿ ಶಕ್ತಿ ಇಲ್ಲದಿದ್ದರೆ ಬೇರೆ ಮಾತು, ಆಗ ಖರ್ಚಿನ ಕಡೆ ನೋಡಬೇಕಾಗುತ್ತೆ. ಕೈಲಾದರೆ ಕಂಪನಿಗೆ ಹೇಳಿ ನಿಮ್ಮ ಪಿಎಫ್ ವಂತಿಗೆಯನ್ನು ತಿಂಗಳಿಗೆ ಎರಡು ಮೂರು ಸಾವಿರ ಜಾಸ್ತಿ ಮಾಡಿಸಿಕೊಳ್ಳಿ, ಅದಕ್ಕೆ ವಿಪಿಎಫ್ ಅಂತಾರೆ. ಅದಕ್ಕೂ ಅದೇ ಪಿಎಫ್ ಬಡ್ಡಿ. ಮದುವೆ ಖರ್ಚಿನ ಬಗ್ಗೆ ನಾನು ಹೇಳುವ ಹಾಗಿಲ್ಲ, ಅದು ನಿಮ್ಮ ಮನೆಯ ವಿಷಯ. ಆದರೆ ಆ 6 ಲಕ್ಷ 8 ಆಗದಂತೆ ನೋಡಿಕೊಳ್ಳಿ.

ಎಸ್‌ಐಪಿ ನಿಲ್ಲಿಸಬೇಡಿ, ಜಾಗ ಬದಲಿಸಿ. ಸ್ಮಾಲ್ ಕ್ಯಾಪ್‌ಗೆ ಹೋಗುವ ಕಂತುಗಳನ್ನು ರದ್ದು ಮಾಡಿ, ಅದೇ ಹಣವನ್ನು ನಿಫ್ಟಿಯಲ್ಲಿರುವ ಕಂಪನಿಗಳ ಷೇರನ್ನೇ ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡಿಗೂ ಷೇರು-ಸಾಲಪತ್ರ ಎರಡೂ ಇರುವ ಹೈಬ್ರಿಡ್ ಫಂಡಿಗೂ ಹಂಚಿ. ಎಸ್‌ಐಪಿ ರದ್ದು ಮಾಡಿದರೆ ಹಳೇ ಯೂನಿಟ್ಟುಗಳು ಹಾಗೇ ಇರುತ್ತವೆ, ಮಾರಾಟವಾಗುವುದಿಲ್ಲ. ಇದನ್ನು ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಹೊಸ ಎಸ್‌ಐಪಿಯನ್ನು ಏಜೆಂಟ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್‌ನಲ್ಲಿ ಮಾಡಿದರೆ ಕಮಿಷನ್ ಉಳಿಯುತ್ತೆ. ಆದರೆ ಮಾರ್ಕೆಟ್ ಬಿದ್ದ ದಿನ ನಿಮಗೆ ಫೋನ್ ಮಾಡಿ ಸಮಾಧಾನ ಹೇಳುವ ಏಜೆಂಟ್ ಇದ್ದು, ಅವರ ಮೇಲೆ ನಂಬಿಕೆ ಇದ್ದರೆ, ಏಜೆಂಟ್ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್‌ನಲ್ಲಿ ಇರುವುದನ್ನು ನಾನು ತಪ್ಪು ಅನ್ನಲ್ಲ. ಹಳೆಯದನ್ನು ಡೈರೆಕ್ಟ್‌ಗೆ ಬದಲಿಸುವುದೂ ಮಾರಾಟವೇ, ತೆರಿಗೆ ಬರುತ್ತೆ, ಅದಕ್ಕೆ ಅವಸರ ಬೇಡ.

2028ರ ನಂತರ ಇನ್ನೊಂದು ಕೆಲಸ. ನಿವೃತ್ತಿಯ ಮೊದಲ ಎರಡು ವರ್ಷ ಫಂಡಿನಿಂದ ಬೇಕಾಗುವ ಹಣ, ಸುಮಾರು ಎರಡೂವರೆ ಲಕ್ಷ, ನಿಧಾನವಾಗಿ ತೆಗೆದು ಎಫ್‌ಡಿಯಲ್ಲಿ ಇಡಿ. ನಿವೃತ್ತಿ ಆದ ವರ್ಷವೇ ಮಾರ್ಕೆಟ್ ಕುಸಿದು, ಬಿದ್ದ ಬೆಲೆಗೆ ತಿಂಗಳು ತಿಂಗಳು ಯೂನಿಟ್ ಮಾರಬೇಕಾಗಿ ಬಂದರೆ ಆ ಗಾಯ ಮಾಯುವುದೇ ಇಲ್ಲ. ಎರಡು ವರ್ಷದ ಅಕ್ಕಿ ಬೇಳೆ ಮನೆಯಲ್ಲಿದ್ದರೆ ಕಾಯಬಹುದು. ಆಮೇಲೆ ಡಿವಿಡೆಂಡ್ ಬದಲು ಎಸ್‌ಡಬ್ಲ್ಯುಪಿ ಇಡಿ. ಎಷ್ಟು ಬೇಕು, ಯಾವ ತಾರೀಖಿಗೆ ಬೇಕು ಅಂತ ನೀವೇ ಹೇಳುತ್ತೀರಿ, ಅಷ್ಟು ಯೂನಿಟ್ ಮಾತ್ರ ಮಾರಾಟವಾಗಿ ಖಾತೆಗೆ ಬರುತ್ತೆ.

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ನಿವೃತ್ತಿಯ ದಿನವೇ ಮುಗಿಯುತ್ತೆ. ಶುಗರ್, ಬಿಪಿ ಶುರುವಾಗುವ ಮೊದಲು ಇಬ್ಬರಿಗೂ ಸೇರಿ ಸ್ವಂತ ಪಾಲಿಸಿ ಮಾಡಿಸಿ, ಈ ವರ್ಷವೇ. ಮೇಲಿನ ಲೆಕ್ಕದಲ್ಲಿ ಆಸ್ಪತ್ರೆಗೆ ಅಂತ ನಾನು ಒಂದು ರೂಪಾಯಿಯೂ ಇಟ್ಟಿಲ್ಲ.

ಕೊನೆಗೆ, ಈ ವಾರವೇ ಆಗಬೇಕಾದ ಕೆಲಸ. ನಿಮ್ಮ ಪಿಎಫ್‌ಗೆ ನಾಮಿನಿ ಯಾರು ಅಂತ ನೋಡಿ. ಹಲವು ವರ್ಷದ ಹಿಂದೆ ನನ್ನ ಬಳಿ ಒಬ್ಬ ತಾಯಿ ಬಂದಿದ್ದರು. ಗಂಡ ಡ್ಯೂಟಿಯಿಂದ ಬರುವಾಗ ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ಪಿಎಫ್ ಕಾಗದದಲ್ಲಿ ಮದುವೆಗೆ ಮೊದಲು ಬರೆಸಿದ್ದ ಅಮ್ಮನ ಹೆಸರೇ ಇತ್ತು. ಮದುವೆ ಆದ ಮೇಲೆ ಹಳೇ ನಾಮಿನೇಷನ್ ಪಿಎಫ್ ನಿಯಮದ ಪ್ರಕಾರ ನಿಲ್ಲಲ್ಲ, ಹೊಸದಾಗಿ ಮಾಡಬೇಕು. ಅವರು ಮಾಡಿರಲಿಲ್ಲ. ಎರಡು ಮಕ್ಕಳನ್ನು ಕಟ್ಟಿಕೊಂಡು ಆಕೆ ತಿಂಗಳುಗಟ್ಟಲೆ ಕಾಗದ ಹೊಂದಿಸಲು ಅಲೆದರು. ಹಣ ಬಂತು, ಆದರೆ ಅಷ್ಟರಲ್ಲಿ ಒಡವೆ ಅಡ ಇಟ್ಟಾಗಿತ್ತು.

ಯುಎಎನ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್‌ಗೆ ಅರ್ಧ ಗಂಟೆ ಸಾಕು. ಪತ್ನಿಯ ಫೋಟೊ, ಆಧಾರ್, ಬ್ಯಾಂಕ್ ಖಾತೆ ನಂಬರ್ ಹತ್ತಿರ ಇಟ್ಟುಕೊಳ್ಳಿ. ಅದೇ ಕೂತಲ್ಲಿ ನಾಲ್ಕೂ ಫಂಡುಗಳ ನಾಮಿನಿಯನ್ನೂ ನೋಡಿಬಿಡಿ. ಆಮೇಲೆ ಎಲ್ಲ ಖಾತೆಗಳ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು, ಪತ್ನಿಯನ್ನೂ ಮಗಳನ್ನೂ ಕೂರಿಸಿಕೊಂಡು ತೋರಿಸಿ. ಪೀಣ್ಯದ ಹಳೇ ಪಿಎಫ್ ನಂಬರ್ ಸಿಕ್ಕರೆ ಅದನ್ನೂ ಅದರಲ್ಲೇ ಬರೆದಿಡಿ.